ಎಸಳಿನ ಒಳಗೆ ನೋಡಿ ಎಂದವರು

ಟೀಚರು ತೀರಿಕೊಂಡ ಸುದ್ದಿ ಬಂದದ್ದು ಬೇಸಗೆ ಮುಗಿಯುವ ಪತ್ತನಾಜೆ ಹಬ್ಬ ಕಳೆದ ವಾರ, ಬೆಳಗಿನ ಚಹಾದ ಹೊತ್ತಿಗೆ. ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿದರು. ಸ್ವಲ್ಪ ಹೊತ್ತಿನಲ್ಲೇ ನನ್ನ ಫೋನು ಹೂವಿನ ಅಂಗಡಿಯಾಯಿತು. ಒಬ್ಬಳು ಗುಲಾಬಿ ಕಳಿಸಿದಳು, ಇನ್ನೊಬ್ಬ ನೀರಹನಿ ಕೂತ ಬಿಳಿ ಲಿಲ್ಲಿ, ದುಬೈಯಲ್ಲಿರುವ ಮತ್ತೊಬ್ಬ ಮಿಣಮಿಣ ಮಿನುಗುತ್ತ ತನ್ನಷ್ಟಕ್ಕೆ ಎಸಳು ಉದುರಿಸುವ ಒಂದು ಹೂ. ಅದು ಯಾವ ಗಿಡದ್ದೆಂದು ಆ ದೇವರಿಗೂ ಗೊತ್ತಿರಲಾರದು. ನನಗೆ ದುಃಖದ ನಡುವೆಯೇ ಸಿಟ್ಟು ಬಂತು. ಅಷ್ಟು ವರ್ಷ ಅವರ ಕೈಯಲ್ಲಿ ಕಲಿತವರು ಕಳಿಸುವ ಹೂವೇ ಇದು? ಟೀಚರು ಇದ್ದಿದ್ದರೆ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಚಂದ ಉಂಟು. ಕೇಸರ ಎಲ್ಲಿ?"

ಅದನ್ನೇ ಗುಂಪಿನಲ್ಲಿ ಬರೆದು ಹಾಕಿದೆ. ಆಮೇಲೆ ಸುಳ್ಯದಲ್ಲಿರುವ ಒಬ್ಬಳು ತನ್ನ ಅಂಗಳದ ದಾಸವಾಳದ ಫೋಟೋ ಕಳಿಸಿದಳು. ಬೆರಳಲ್ಲಿ ಎಸಳನ್ನು ಬದಿಗೆ ಸರಿಸಿ, ಒಳಗಿನದೆಲ್ಲ ಕಾಣುವ ಹಾಗೆ ತೆಗೆದ ಫೋಟೋ. ನನಗೆ ಆಗ ಅಳು ಬಂತು.

ಅವರು ಕಡಬದ ಕಡೆಯ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು, ನಾನು ಕನ್ನಡ. ಅವರ ತವರು ಪುತ್ತೂರಿನ ಹತ್ತಿರದ ಕಬಕ. ತಂದೆಗೆ ಅಲ್ಲಿ ಬಟ್ಟೆಯಂಗಡಿ ಇತ್ತು. ಮನೆಯಲ್ಲಿ ಕರಾವಳಿ ಮುಸ್ಲಿಮರ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಹೀಗೆ ಮೂರನ್ನೂ ಕಲೆಸದೆ ಆಡುತ್ತ ಬೆಳೆದವರು. ಅಣ್ಣಂದಿರು ಗಲ್ಫಿಗೆ ಹೋದರು, ಇವರು ಹಟ ಹಿಡಿದು ಸಸ್ಯಶಾಸ್ತ್ರ ಓದಲು ಹೋದರು. ಗಂಡ ದಮ್ಮಾಮಿನಲ್ಲಿ ಕೆಲಸದಲ್ಲಿದ್ದವರು, ಬಾ ಬಾ ಎಂದು ಕರೆದರೂ ಇವರು ಅಲ್ಲಿ ನೆಲೆಸಲಿಲ್ಲ. ಯಾಕೆ ಎಂದು ಒಮ್ಮೆ ಕೇಳಿದ್ದೆ. "ಅಲ್ಲಿ ಹೂ ಎಲ್ಲ ಕುಂಡದಲ್ಲಿ ಮಾರಾಯ್ರೆ. ಕೊಯ್ದರೆ ದಂಡ ಹಾಕ್ತಾರೆ" ಎಂದರು. ವಾರವಿಡೀ ಶಾಲೆಯ ಹತ್ತಿರದ ಬಾಡಿಗೆ ಮನೆ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಕಬಕದಲ್ಲಿರುವ ತಾಯಿ, ಉಮ್ಮನ ಹತ್ತಿರ. ಗಿಡ್ಡ ಆಳು. ತಲೆಗೆ ತಿಳಿಬಣ್ಣದ ಶಾಲು, ಅದರ ಅಂಚಿನಲ್ಲಿ ಯಾವಾಗಲೂ ಒಂದು ಹಳದಿ ಕಲೆ. ಅರಿಶಿನ ಎಂದು ಹೊಸಬರು ತಿಳಿಯುತ್ತಿದ್ದರು, ಅದು ಪರಾಗ. ವ್ಯಾನಿಟಿ ಬ್ಯಾಗಿನಲ್ಲಿ ಕಾಗದ ಸುತ್ತಿದ ಬ್ಲೇಡು ಸದಾ ಇರುತ್ತಿತ್ತು. ಗಂಡನನ್ನು ಕಳಿಸಲು ವಿಮಾನ ನಿಲ್ದಾಣಕ್ಕೆ ಹೋದಾಗ ಕಾವಲಿನವರು ಅದನ್ನು ಹಿಡಿದು, ಇದು ಎಂತಕ್ಕೆ ಎಂದು ಕೇಳಿದರಂತೆ. ಹೂ ಕೊಯ್ಯಲಿಕ್ಕೆ ಎಂದರೆ ಯಾರು ನಂಬುತ್ತಾರೆ? ಅಲ್ಲೇ ಕುಂಡದ ಒಂದು ಹೂ ಕಿತ್ತು ಸೀಳಿ ತೋರಿಸಿಯೇ ಬಂದರಂತೆ.

ಹತ್ತನೆಯ ತರಗತಿಯಲ್ಲಿ ಹೂವಿನ ಭಾಗಗಳ ಪಾಠ ಉಂಟು. ಪುಸ್ತಕದಲ್ಲಿ ಚಿತ್ರ ಉಂಟು, ಚಿತ್ರಕ್ಕೆ ಬಾಣದ ಗುರುತುಗಳು, ಬಾಣಕ್ಕೊಂದು ಹೆಸರು. ಹೆಚ್ಚಿನ ಶಾಲೆಗಳಲ್ಲಿ ಬೋರ್ಡಿನ ಮೇಲೆ ಆ ಚಿತ್ರ ಬಿಡಿಸಿ, ಬಾಯಿಪಾಠ ಮಾಡಿಸಿ, ಮುಂದಿನ ಪಾಠಕ್ಕೆ ಹೋಗುತ್ತಾರೆ. ಟೀಚರು ಬೋರ್ಡಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಮೊದಲ ದಿನ ಕೇಳುವ ಪ್ರಶ್ನೆ, "ಕೇಪುಳ ಹೂವಿನ ಜೇನು ಯಾರೆಲ್ಲ ಕುಡಿದಿದ್ದೀರಿ?" ಕೇಪುಳ ನಮ್ಮ ಕಡೆ ಗುಡ್ಡ ತುಂಬ ಬೆಳೆಯುವ ಕೆಂಪು ಗೊಂಚಲು ಹೂ. ಅದರ ನಡುವಿನ ನೂಲನ್ನು ಮೆಲ್ಲ ಎಳೆದು ತುದಿಗೆ ಅಂಟಿದ ಸಿಹಿಯನ್ನು ಚೀಪದ ಮಕ್ಕಳು ಪುತ್ತೂರು ಸುಳ್ಯ ಕಡಬದಲ್ಲಿ ಹುಟ್ಟಿಲ್ಲ. ಇಡೀ ತರಗತಿ ಕೈ ಎತ್ತುತ್ತಿತ್ತು. "ಹಾಗಾದರೆ ನಿಮಗೆ ಅರ್ಧ ಪಾಠ ಗೊತ್ತುಂಟು. ನೀವು ಎಳೆದ ಆ ನೂಲಿಗೆ ಶಲಾಕೆ ಅಂತ ಹೇಳುದು. ಅದರ ತಲೆ ಶಲಾಕಾಗ್ರ, ಪರಾಗ ಬಂದು ಅಂಟುವ ಜಾಗ. ಅದರ ಬುಡದಲ್ಲಿ ಅಂಡಾಶಯ, ಕಾಯಿ ಆಗುದು ಅದು. ಜೇನು ನಿಮಗೆ ಇಟ್ಟದ್ದಲ್ಲ. ಚಿಟ್ಟೆಗೆ ಕೊಡುವ ಬಸ್ ಚಾರ್ಜು. ಇಷ್ಟು ವರ್ಷ ನೀವು ಚಿಟ್ಟೆಯ ಚಾರ್ಜು ಕದ್ದದ್ದು."

ಮಕ್ಕಳು ನಗುವುದರೊಳಗೆ ಎಲ್ಲರ ಮುಂದೆ ಒಂದೊಂದು ದಾಸವಾಳ ಇರುತ್ತಿತ್ತು. ಒಂದು ಹೂವನ್ನು ಇಬ್ಬರು ಹಂಚಿಕೊಳ್ಳುವ ಹಾಗಿಲ್ಲ. ಅವರವರ ಹೂವನ್ನು ಅವರವರೇ ಬಿಡಿಸಬೇಕು. ಹೊರಗಿನ ಹಸಿರು ತೊಟ್ಟಿಲು ಮೊಗ್ಗನ್ನು ಕಾಯುವ ಪುಷ್ಪಪತ್ರ, ಅದನ್ನು ತೆಗೆಯಿರಿ. ಎಸಳು ಹುಳವನ್ನು ಕರೆಯುವ ಬೋರ್ಡು, ತೆಗೆಯಿರಿ. ನಡುವಿನ ಕೊಳವೆಯ ಮೇಲೆ ಹಳದಿ ತಲೆಯ ಕೇಸರಗಳು, ಪರಾಗ ಮಾಡುವವು, ಬೆರಳಿಗೆ ತಾಗಿಸಿ ನೋಡಿ. ಕೊಳವೆಯ ಒಳಗಿನಿಂದ ಹೊರಗೆ ಇಣುಕಿದ ಐದು ಕೆಂಪು ಗುಂಡುಗಳು ಶಲಾಕಾಗ್ರ. ಕೊನೆಗೆ ಬುಡದ ಅಂಡಾಶಯವನ್ನು ಬ್ಲೇಡಿನಲ್ಲಿ ಅಡ್ಡಕ್ಕೆ ಕೊಯ್ದರೆ ಐದು ಕೋಣೆ. ಆ ಐದು ಕೋಣೆ ಕಾಣುವವರೆಗೆ ಟೀಚರು ಬಿಡುತ್ತಿರಲಿಲ್ಲ. ಬೆಲ್ಲು ಹೊಡೆದರೂ ಬಿಡುತ್ತಿರಲಿಲ್ಲ. ಆ ಬೆಲ್ಲಿನ ನಂತರದ ಪಿರಿಯಡ್ಡು ನನ್ನದು. ಅರ್ಧ ಪಿರಿಯಡ್ಡು ಕಳೆದ ಮೇಲೆ ಬಂದ ಮಕ್ಕಳು ಹಳದಿ ಬೆರಳಿನಲ್ಲಿ ನನ್ನ ಕನ್ನಡ ಪುಸ್ತಕದ ಪುಟ ತಿರುಗಿಸುತ್ತಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಜಗಳ ತೆಗೆದರೆ ಅವರದ್ದು ಒಂದೇ ಉತ್ತರ: "ಪಂಡಿತರೆ, ನಿಮ್ಮ ಪದ್ಯ ನಾಳೆಗೂ ಹಾಗೇ ಇರ್ತದೆ. ಹೂ ಇರುದಿಲ್ಲ."

ನನ್ನ ಕವಿತೆಗಳ ಬಗ್ಗೆ ಅವರಿಗೆ ಯಾವ ಗೌರವವೂ ಇರಲಿಲ್ಲ. ಶಾಲಾ ಸಂಚಿಕೆಗೆ ನಾನೊಂದು ಕವಿತೆ ಬರೆದಿದ್ದೆ. ಹೇಳು ಹೂವೇ, ಈ ಅಂದವೆಲ್ಲ ಯಾರ ಸಲುವಾಗಿ ಎಂಬುದು ಅದರ ಪಲ್ಲವಿ. ಸ್ಟಾಫ್ ರೂಮಿನ ಪ್ರತಿಯಲ್ಲಿ ಆ ಸಾಲಿನ ಕೆಳಗೆ ಯಾರೋ ಪೆನ್ಸಿಲಿನಲ್ಲಿ "ಹುಳದ ಸಲುವಾಗಿ" ಎಂದು ಬರೆದಿದ್ದರು. ಅಕ್ಷರ ನೋಡುವ ಅಗತ್ಯವೇ ಇರಲಿಲ್ಲ. ಒಂದು ವಾರ ಮಾತು ಬಿಟ್ಟೆ. ಅವರಿಗೆ ನಾನು ಮಾತು ಬಿಟ್ಟದ್ದೇ ಗೊತ್ತಾಗಲಿಲ್ಲ.

ವಾರ್ಷಿಕೋತ್ಸವಕ್ಕೆ ಬಂದ ಅತಿಥಿಯೊಬ್ಬರು ಹೆಣ್ಣುಮಕ್ಕಳು ಹೂವಿನಷ್ಟು ಕೋಮಲ, ಅವರನ್ನು ಹಾಗೇ ಕಾಪಾಡಬೇಕು ಎಂದು ಬಹಳ ಹೊತ್ತು ಭಾಷಣ ಮಾಡಿದರು. ವಂದನಾರ್ಪಣೆ ಟೀಚರದ್ದು. "ಅತಿಥಿಗಳು ಹೇಳಿದ್ದು ಅರ್ಧ ಸರಿ. ದಾಸವಾಳದಲ್ಲಿ ಹೆಣ್ಣು ಭಾಗವೂ ಉಂಟು, ಗಂಡು ಭಾಗವೂ ಉಂಟು. ಹಾಗಾಗಿ ಅತಿಥಿಗಳೂ ಹೂವೇ. ಅವರಿಗೆ ಧನ್ಯವಾದ" ಎಂದು ಕೂತರು. ಸಭೆ ಬಿದ್ದು ಬಿದ್ದು ನಕ್ಕಿತು. ಅತಿಥಿಗಳೂ ನಗಲೇಬೇಕಾಯಿತು.

ನಗಿಸುವವರು ಎಂದು ಅವರನ್ನು ಹಗುರ ಮಾಡುವಂತಿಲ್ಲ. ಹಿಡಿದದ್ದನ್ನು ಬಿಡದ ಜನ ಅವರು. ಮೊದಮೊದಲು ಮಕ್ಕಳು ಮನೆಯಿಂದಲೇ ದಾಸವಾಳ ತರುತ್ತಿದ್ದರು. ಒಬ್ಬ ಹುಡುಗಿಯ ಅಜ್ಜಿ ಶಾಲೆಗೇ ಬಂದರು. ದೇವರಿಗೆ ಇಡುವ ಹೂವನ್ನು ಬ್ಲೇಡಿನಲ್ಲಿ ಕೊಯ್ದು ಬಿಸಾಡುದಾ, ಇದು ಎಂತ ಪಾಠ ಎಂದು ಜಗಲಿಯಲ್ಲಿ ನಿಂತು ಕೇಳಿದರು. ಅದರ ಹಿಂದೆ ಇನ್ನೂ ಒಂದು ಮಾತು ಇತ್ತು, ಟೀಚರ ಜಾತಿಯ ಮಾತು. ಅಜ್ಜಿ ಅದನ್ನು ಆಡಲಿಲ್ಲ, ಎಲ್ಲರಿಗೂ ಕೇಳಿಸಿತು. ಹೆಡ್ ಮಾಸ್ಟರು ಬೆವರಿದರು. ಅದೇ ಸಂಜೆ ಟೀಚರು ಆ ಮನೆಗೆ ಹೋದರು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದರು. ಅಂಗಳದಲ್ಲೇ ನಿಂತು, "ಅಮ್ಮಾ, ನೀವು ಹೇಳಿದ್ದು ಸರಿ. ದೇವರ ಹೂವಿಗೆ ನಾನು ಕೈ ಹಾಕುದಿಲ್ಲ. ನನಗೆ ಒಂದು ಗೆಲ್ಲು ಕೊಡಿ. ನಟ್ಟು ಬೆಳೆಸ್ತೇನೆ" ಎಂದರು. ಅಜ್ಜಿ ಅವರನ್ನು ಮೇಲೆ ಕೆಳಗೆ ನೋಡಿ, ಒಳಗೆ ಹೋಗಿ ಕತ್ತಿ ತಂದು, ಒಂದಲ್ಲ ನಾಲ್ಕು ಗೆಲ್ಲು ಕಡಿದು ಕೊಟ್ಟರು. "ಮಳೆ ಶುರುವಾಗುವಾಗ ನೆಡಿ, ಈಗ ನಟ್ಟರೆ ಒಣಗ್ತದೆ" ಎಂದು ಬುದ್ಧಿಯನ್ನೂ ಹೇಳಿದರು. ಟೀಚರು ಕಾಯಲಿಲ್ಲ. ಆ ಬೇಸಗೆಯಿಡೀ ಪಾತ್ರೆ ತೊಳೆದ ನೀರನ್ನು ಹೊತ್ತು ಹಾಕಿ ಶಾಲೆಯ ಹಿಂದೆ ಆ ಗೆಲ್ಲುಗಳಿಗೆ ಬೇರು ಹಿಡಿಸಿಯೇ ಬಿಟ್ಟರು. ಮತ್ತೆ ಅವರ ಪಾಠಕ್ಕೆ ಯಾರ ಮನೆಯ ಹೂವೂ ಬೇಕಾಗಲಿಲ್ಲ.

ಇಂಥವರಿಗೆ ಆದದ್ದು ಹೀಗೆ. ಅರ್ಧವಾರ್ಷಿಕ ಪರೀಕ್ಷೆಯ ಪೇಪರು ತಿದ್ದುತ್ತ ಸ್ಟಾಫ್ ರೂಮಿನಲ್ಲಿ ನನ್ನ ಎದುರಿಗೇ ಕೂತಿದ್ದರು. ಕೆಂಪು ಪೆನ್ನು ಕೈಯಿಂದ ಜಾರಿತು. ಎತ್ತಿಕೊಟ್ಟೆ. ಮತ್ತೆ ಜಾರಿತು. "ಪಂಡಿತರೆ, ನನ್ನ ಕೈ ನನ್ನ ಮಾತು ಕೇಳುದಿಲ್ಲ" ಎಂದರು. ಆ ಮಾತೂ ನೆಟ್ಟಗೆ ಬರಲಿಲ್ಲ. ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು, ಅಲ್ಲಿಂದ ಮಂಗಳೂರಿಗೆ. ಪಾರ್ಶ್ವವಾಯು ಎಂದರು. ಜೀವ ಉಳಿಯಿತು. ನಾಲಿಗೆ ಕ್ರಮೇಣ ಸರಿಯಾಯಿತು, ಕಾಲೂ ಸುಮಾರಾಗಿ ಸರಿಯಾಯಿತು. ಬಲಗೈ ಮಾತ್ರ ಮಡಿಸಿ ಮಡಿಲಲ್ಲಿಟ್ಟ ಹಾಗೆಯೇ ಉಳಿಯಿತು.

ನಮ್ಮದು ಅನುದಾನ ಇಲ್ಲದ ಶಾಲೆ. ಸಂಚಾಲಕರು ಹೇಳಿದ್ದೇ ಕಾನೂನು. ಅಡಿಕೆ ವ್ಯಾಪಾರದಲ್ಲಿ ದೊಡ್ಡ ಕುಳ, ಬಿಳಿ ಪಂಚೆ ಬಿಳಿ ಶರ್ಟಿನ ಮನುಷ್ಯ. ಕೆಟ್ಟವರಲ್ಲ, ತಮಗೆ ಒಳ್ಳೆಯದೆಂದು ಕಂಡದ್ದನ್ನು ಯಾರನ್ನೂ ಕೇಳದೆ ಮಾಡುವವರು. ಅವರು ಹೆಡ್ ಮಾಸ್ಟರಲ್ಲಿ ಹೇಳಿ ಕಳಿಸಿದರು: "ಟೀಚರು ಕಷ್ಟಪಡುದು ಬೇಡ. ಜೂನಿನಿಂದ ಲೈಬ್ರರಿಯಲ್ಲಿ ಕೂತ್ಕೊಳ್ಳಲಿ. ಸಂಬಳ ಅದೇ ಕೊಡುವ. ವಿಜ್ಞಾನಕ್ಕೆ ಹೊಸಬರನ್ನು ನೋಡುವ." ಕೇಳುವವರಿಗೆ ಇದು ಉಪಕಾರ. ನಮ್ಮ ಲೈಬ್ರರಿ ಅಂದರೆ ಎರಡು ಕಪಾಟು, ಒಂದರ ಬೀಗದ ಕೈ ಕಳೆದುಹೋಗಿತ್ತು. ಪ್ರಯೋಗ ಮಾಡಿಸಲು ಕೈ ಇಲ್ಲದವರು ಪಾಠ ಮಾಡುವುದು ಹೇಗೆ ಎಂಬುದು ಸಂಚಾಲಕರ ಪ್ರಶ್ನೆ. ಅದನ್ನು ಅನ್ಯಾಯದ ಪ್ರಶ್ನೆ ಎಂದು ಹೇಳುವ ಹಾಗೂ ಇರಲಿಲ್ಲ.

ಟೀಚರು ಉತ್ತರ ಕಳಿಸಿದರು. ಫೆಬ್ರವರಿಯಲ್ಲಿ ಹತ್ತನೆಯ ತರಗತಿಗೆ ಹೂವಿನ ಪ್ರಯೋಗ ಉಂಟು, ಅದನ್ನು ನಾನೇ ಮಾಡಿಸುತ್ತೇನೆ, ಸಂಚಾಲಕರು ಬಂದು ನೋಡಲಿ. ಆಮೇಲೆ ಲೈಬ್ರರಿಯೋ ಬೇರೆಯೋ ಅವರೇ ಹೇಳಲಿ.

ಜನವರಿಯ ಒಂದು ಆದಿತ್ಯವಾರ ನಾನು ಕಬಕಕ್ಕೆ ಹೋದೆ. ಚಾವಡಿಯ ನೆಲದಲ್ಲಿ ಹಳೆ ಪೇಪರು ಹಾಸಿ ಟೀಚರು ಕೂತಿದ್ದರು. ಸುತ್ತ ನಜ್ಜುಗುಜ್ಜಾದ ದಾಸವಾಳ. ಎಡಗೈಯಲ್ಲಿ ಬ್ಲೇಡು ಹಿಡಿದರೆ ಹೂವನ್ನು ಹಿಡಿಯುವವರಿಲ್ಲ, ಹೂ ಹಿಡಿದರೆ ಬ್ಲೇಡು ಹಿಡಿಯಲು ಕೈ ಇಲ್ಲ. ಕಾಲಿನ ಬೆರಳಿನಲ್ಲಿ ಒತ್ತಿ ಹಿಡಿದು ನೋಡಿದ್ದರಂತೆ, ಹೆಬ್ಬೆರಳಿಗೆ ಬ್ಯಾಂಡೇಜು ಇತ್ತು. ನಾನು ಹಿಡಿದುಕೊಳ್ಳುತ್ತೇನೆ ಎಂದು ಕೈ ಚಾಚಿದೆ. "ನೀವು ಜೂನಿನಿಂದ ದಿನಾ ಬಂದು ಹಿಡಿಯುದಾ?" ಎಂದರು. ಕೈ ಹಿಂದೆ ತೆಗೆದೆ. ಉಮ್ಮ ಅಡುಗೆ ಮನೆಯ ಬಾಗಿಲಲ್ಲಿ ಕೂತು ಪಲ್ಯಕ್ಕೆ ಬಾಳೆದಿಂಡು ಹೆಚ್ಚುತ್ತಿದ್ದರು. ಕಣ್ಣೊರೆಸುತ್ತ ನನ್ನ ಹತ್ತಿರ ತುಳುವಿನಲ್ಲಿ ಗೋಗರೆದರು. ನೀವಾದರೂ ಹೇಳಿ ಮಾಷ್ಟ್ರೆ, ಸುಮ್ಮನೆ ಕೂತರೂ ಸಂಬಳ ಬರುವಾಗ ಇವಳಿಗೆ ಈ ಹೂವಿನ ಮರ್ಲು, ಈ ಹುಚ್ಚು ಎಂತಕ್ಕೆ?

ನಿಜ ಹೇಳುತ್ತೇನೆ, ನನಗೂ ಹಾಗೇ ಅನ್ನಿಸಿತ್ತು. ಆ ಮಡಿಸಿದ ಕೈಯನ್ನು ನೋಡಲು ಆಗುತ್ತಿರಲಿಲ್ಲ. ಒಪ್ಪಿಕೊಳ್ಳಿ ಟೀಚರೆ ಎನ್ನಲು ಬಾಯಿ ತೆರೆದೆ. ಆದರೆ ಅವರು ನಮ್ಮಿಬ್ಬರ ಕಡೆಗೂ ನೋಡುತ್ತಿರಲಿಲ್ಲ. ಉಮ್ಮನ ಮಣೆಯ ಮೇಲಿನ ಬಾಳೆದಿಂಡನ್ನು ನೋಡುತ್ತಿದ್ದರು. ತೆವಳಿಕೊಂಡು ಹೋಗಿ ಬೆರಳುದ್ದದ ಒಂದು ತುಂಡು ಎತ್ತಿಕೊಂಡರು, ನೆಲಕ್ಕೆ ಕುಕ್ಕಿ ನಿಲ್ಲಿಸಿದರು, ದಾಸವಾಳದ ತೊಟ್ಟನ್ನು ಅದರ ಒಳಗೆ ಚುಚ್ಚಿದರು. ಹೂ ನೆಟ್ಟಗೆ ನಿಂತಿತು. ದಿಂಡಿನ ಹಸಿ ನಾರು ತೊಟ್ಟನ್ನು ಬಿಗಿಯಾಗಿ ಕಚ್ಚಿತ್ತು. ಎಡಗೈಯಿಂದ ಒಂದೊಂದೇ ಎಸಳು ತೆಗೆದರು, ಹೂ ಅಲುಗಲಿಲ್ಲ. ಆಮೇಲೆ ಬ್ಲೇಡು. ಮೊದಲನೆಯದು ಜಜ್ಜಿತು, ಎರಡನೆಯದು ಓರೆಯಾಯಿತು. ಆಮೇಲೆ ಎಷ್ಟೋ ಹೂ ಹೋದವು. ನಾನು ಹೊರಡುವ ಹೊತ್ತಿಗೆ ಒಂದು ಅಂಡಾಶಯ ಸರಿಯಾಗಿ ಅಡ್ಡಕ್ಕೆ ಕೊಯ್ದು ಐದು ಕೋಣೆ ಕಂಡಿತ್ತು. ಉಮ್ಮ ಮಣೆ ನೋಡಿ, "ಪಲ್ಯಕ್ಕೆ ಇನ್ನು ಎಂತ ಹಾಕುದು?" ಎಂದು ಬೈದರು. ಬೈಯುತ್ತಲೇ ಉಳಿದ ದಿಂಡನ್ನು ಮಗಳ ಕಡೆ ತಳ್ಳಿದರು.

ಪ್ರಯೋಗದ ದಿನ ಬಂತು. ಆ ಬೆಳಿಗ್ಗೆ ನಾನು ಶಾಲೆಯ ಹಿಂದೆ ಹೋಗಿ ನೋಡಿ ಎದೆ ಒಡೆದುಕೊಂಡೆ. ಸಂಚಾಲಕರು ಬರುತ್ತಾರೆ, ಶಾಲೆ ಚಂದ ಕಾಣಲಿ ಎಂದು ಹೆಡ್ ಮಾಸ್ಟರು ಹಿಂದಿನ ಸಂಜೆ ಆಳು ಕರೆಸಿ ಅಂಗಳವೆಲ್ಲ ಚೊಕ್ಕ ಮಾಡಿಸಿದ್ದರು. ದಾಸವಾಳದ ಸಾಲನ್ನು ಮೊಣಕಾಲೆತ್ತರಕ್ಕೆ ಸಮ ಕತ್ತರಿಸಲಾಗಿತ್ತು. ಒಂದು ಮೊಗ್ಗೂ ಇರಲಿಲ್ಲ. ಹೆಡ್ ಮಾಸ್ಟರ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. "ನನಗೆ ತಲೆಗೇ ಹೋಗ್ಲಿಲ್ಲ ಟೀಚರೆ. ಮುಂದಿನ ವಾರ ಇಟ್ಟುಕೊಳ್ಳುವ, ಸಂಚಾಲಕರಿಗೆ ನಾನು ಫೋನು ಮಾಡ್ತೇನೆ" ಎಂದರು.

ಕತ್ತರಿಸಿದ ಗಿಡವನ್ನು ಟೀಚರು ನೋಡಿದರು. "ಮುಂದಿನ ವಾರ ಅಂದರೆ ಜೂನು, ಜೂನು ಅಂದರೆ ಲೈಬ್ರರಿ" ಎಂದರು. ಆಮೇಲೆ ಹತ್ತನೆಯ ತರಗತಿಗೆ ಹೋಗಿ, "ಮನೆ ಹತ್ತಿರ ಇದ್ದವರು ಓಡಿ. ಯಾವ ಹೂ ಸಿಕ್ಕಿದರೂ ತನ್ನಿ. ದೇವರಿಗೆ ತೆಗೆದಿಟ್ಟದ್ದು ಮಾತ್ರ ಬೇಡ" ಎಂದರು.

ಮಕ್ಕಳು ತಂದದ್ದನ್ನು ನೋಡಿ ನನಗೆ ಇನ್ನೂ ಗಾಬರಿಯಾಯಿತು. ಐದು ಎಸಳಿನ ಕೆಂಪು ದಾಸವಾಳ ಬೆರಳೆಣಿಕೆಯಷ್ಟು. ಹೆಚ್ಚಿನವು ಎಸಳು ತುಂಬಿದ ಮುದ್ದೆ ದಾಸವಾಳ, ಈಗ ಎಲ್ಲರ ಅಂಗಳದಲ್ಲೂ ನರ್ಸರಿಯಿಂದ ತಂದ ಅದೇ ಅಲ್ಲವೇ. ಒಂದು ಬುಟ್ಟಿ ಕೇಪುಳ. ಒಬ್ಬ ಕೆಂಬುಡೆಯ, ಅಂದರೆ ಸಿಹಿಗುಂಬಳದ, ಹಳದಿ ಹೂಗಳನ್ನು ಲುಂಗಿಯ ತುಂಡಿನಲ್ಲಿ ಕಟ್ಟಿ ತಂದಿದ್ದ. ಪುಸ್ತಕದ ಚಿತ್ರಕ್ಕೆ ಹೊಂದುವ ಹೂ ನಾಲ್ಕು ಜನರಿಗೂ ಸಾಲದು. ಟೀಚರು ಮಾತ್ರ ಎಲ್ಲವನ್ನೂ ದೊಡ್ಡ ತಟ್ಟೆಯಲ್ಲಿ ಹರಡಿದರು. ಕೆಂಪು ದಾಸವಾಳಗಳನ್ನು ತಮ್ಮ ಮೇಜಿಗೆ ಎತ್ತಿಟ್ಟುಕೊಂಡರು. ಎಡಗೈಯಲ್ಲಿ ಕೊಡುವುದು ಅವರಿಗೆ ಆಗದ ಮಾತು, ಉಮ್ಮನ ಕೈಯಲ್ಲಿ ಪೆಟ್ಟು ತಿಂದು ಕಲಿತ ನಡತೆ ಅದು. ಕಾಯಿಲೆಯ ನಂತರ ಪೇಪರನ್ನೂ ಅವರು ಯಾರ ಕೈಗೂ ಕೊಟ್ಟದ್ದಿಲ್ಲ, ಮೇಜಿನ ಮೇಲಿಟ್ಟರೆ ಮಕ್ಕಳೇ ಎತ್ತಿಕೊಳ್ಳುತ್ತಿದ್ದರು. ಆ ದಿನವೂ ತಟ್ಟೆ ಸುತ್ತ ಹೋಯಿತು, ಒಬ್ಬೊಬ್ಬರು ಒಂದೊಂದು ಹೂ, ಒಂದೊಂದು ತುಂಡು ಬಾಳೆದಿಂಡು ತೆಗೆದುಕೊಂಡರು.

ಸಂಚಾಲಕರು ಬಂದು ಬಾಗಿಲ ಬಳಿ ಕೈಕಟ್ಟಿ ನಿಂತರು. ಪಕ್ಕದಲ್ಲಿ ಹೆಡ್ ಮಾಸ್ಟರು. ನಾನು ಕಿಟಕಿಯ ಹೊರಗೆ ಜಗಲಿಯಲ್ಲಿ ನಿಂತೆ. ಅದು ನನ್ನ ಬಿಡುವಿನ ಪಿರಿಯಡ್ಡು ಎಂದು ಹೇಳಿದರೆ ಸುಳ್ಳಾಗುತ್ತದೆ.

ಟೀಚರು ತಮ್ಮ ಹೂವನ್ನು ದಿಂಡಿಗೆ ಚುಚ್ಚಿ ಶುರು ಮಾಡಿದರು. ಎಸಳು, ಕೇಸರ, ಶಲಾಕೆ. ಕೈ ನಿಧಾನ, ಮಾತು ನಿಧಾನ, ಎಲ್ಲೂ ನಿಲ್ಲಲಿಲ್ಲ. ಮುದ್ದೆ ದಾಸವಾಳ ಸಿಕ್ಕಿದವಳು ಎದ್ದು ನಿಂತಳು. "ಟೀಚರ್, ಇದರಲ್ಲಿ ಕೇಸರ ಇಲ್ಲ."

"ಇಲ್ಲವಾ? ಎಸಳನ್ನು ಒಂದೊಂದೇ ಬಿಡಿಸು. ಒಳಗಿನದ್ದನ್ನು ಸರೀ ನೋಡು."

ತರಗತಿ ತಲೆ ಬಗ್ಗಿಸಿತು. ಆ ಹುಡುಗಿಯೇ ಕೂಗಿದಳು. ಒಂದು ಸಣ್ಣ ಎಸಳಿನ ಅಂಚಿಗೆ ಹಳದಿ ಪರಾಗದ ಗುಂಡು ಅಂಟಿಕೊಂಡಿತ್ತು, ಅರ್ಧ ಎಸಳು ಅರ್ಧ ಕೇಸರ. "ಕೇಸರವೇ ಎಸಳಾದದ್ದು ಅದು. ಜನರಿಗೆ ಚಂದ ಬೇಕು ಅಂತ ಆರಿಸಿ ಆರಿಸಿ ಹಾಗೆ ಮಾಡಿದ್ದು. ಚಂದ ಹೆಚ್ಚಾಯಿತು, ಪರಾಗ ಕಡಿಮೆಯಾಯಿತು" ಎಂದರು ಟೀಚರು. ಆಮೇಲೆ ಕೆಂಬುಡೆ ಹೂವಿನವರ ಸರದಿ. ಅವರಿಗೆ ಅಂಡಾಶಯವೇ ಸಿಕ್ಕಿರಲಿಲ್ಲ. ಹುಡುಕಿ ಹುಡುಕಿ, ಇದು ಬರೇ ಗಂಡು ಹೂವೆಂದು ಅವರೇ ತೀರ್ಮಾನಕ್ಕೆ ಬಂದರು. ಇಷ್ಟು ವರ್ಷದ ಆ ಪಾಠಗಳಲ್ಲಿ ಇಂಥದ್ದೊಂದು ಪಿರಿಯಡ್ಡನ್ನು ನಾನು ನೋಡಿರಲಿಲ್ಲ.

ಆಗ ಬಾಗಿಲ ಕಡೆಯಿಂದ ಗಂಟಲು ಸರಿಪಡಿಸಿದ ಸದ್ದು. ಸಂಚಾಲಕರು ಎರಡು ಹೆಜ್ಜೆ ಒಳಗೆ ಬಂದಿದ್ದರು. "ಅಲ್ಲ ಟೀಚರೆ, ಒಂದು ಸಂಶಯ. ನಮ್ಮಲ್ಲಿ ಈ ವರ್ಷ ಕೆಂಬುಡೆ ಬಳ್ಳಿ ಭರ್ತಿ ಹೂ ಬಿಟ್ಟಿದೆ. ಒಂದು ಕಾಯಿ ನಿಲ್ಲುದಿಲ್ಲ. ಗೊಬ್ಬರ ಎಲ್ಲ ಹಾಕಿ ಆಯ್ತು. ಅದು ಎಂತ ಆಗಿರ್ಬಹುದು?"

ಟೀಚರು ಮಕ್ಕಳ ಕಡೆ ತಿರುಗಿದರು. "ಯಾರು ಹೇಳ್ತೀರಿ?"

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಸರ್, ನಿಮ್ಮ ಮನೆಯಲ್ಲಿ ಹೂವಿನ ಪೋಡಿ ಮಾಡ್ತಾರಾ?"

"ಮಾಡ್ತಾರೆ, ದಿನಾ ಹಿಟ್ಟಲ್ಲಿ ಅದ್ದಿ ಎಣ್ಣೆಗೆ ಬಿಡ್ತಾರೆ. ಆದರೆ ಬುಡದಲ್ಲಿ ಸಣ್ಣ ಕಾಯಿ ಇದ್ದ ಹೂವನ್ನು ಮುಟ್ಟುದಿಲ್ಲ. ಸುಳ್ಳು ಹೂ ಮಾತ್ರ ಕೊಯ್ಯುದು."

"ಸುಳ್ಳು ಹೂವಲ್ಲ ಸರ್, ಅದು ಗಂಡು ಹೂ. ಬೆಳಿಗ್ಗೆಯೇ ಎಲ್ಲ ಕೊಯ್ದು ಪೋಡಿ ಮಾಡಿದರೆ ಹೆಣ್ಣು ಹೂವಿಗೆ ಪರಾಗ ಎಲ್ಲಿಂದ ಬರುದು? ಹುಳ ಬಂದು ಖಾಲಿ ಹೋಗ್ತದೆ. ಕಾಯಿ ಕೊಳೆತು ಬೀಳ್ತದೆ."

ಸಂಚಾಲಕರು ಜೋರಾಗಿ ನಕ್ಕರು. "ನಾವೇ ತಿಂದದ್ದಾ ಹಾಗಾದರೆ!" ಇಡೀ ತರಗತಿ ನಕ್ಕಿತು, ಹೆಡ್ ಮಾಸ್ಟರೂ ನಕ್ಕರು. ಟೀಚರು ನಗಲಿಲ್ಲ. ಮೇಜಿನ ಮೇಲಿದ್ದ ಒಂದು ಕೆಂಪು ದಾಸವಾಳ ಎತ್ತಿಕೊಂಡರು.

"ಎಲ್ಲರ ಕೈಯಲ್ಲಿ ಹೂ ಉಂಟು. ನೀವು ಯಾಕೆ ಖಾಲಿ ಕೈಯಲ್ಲಿ ನಿಂತದ್ದು?" ಎಂದರು. ಎಂದು, ಅದನ್ನು ಮೇಜಿನ ಮೇಲಿಡದೆ, ಎಡಗೈಯನ್ನು ನೆಟ್ಟಗೆ ಮುಂದೆ ಚಾಚಿದರು.

ನಗು ನಿಂತಿತು. ನಮ್ಮೂರಲ್ಲಿ ಹಿರಿಯರಿಗೆ ಎಡಗೈಯಲ್ಲಿ ಯಾರೂ ಏನನ್ನೂ ಕೊಡುವುದಿಲ್ಲ. ಟೀಚರ ಕಿವಿ ಕೆಂಪಾಗಿತ್ತು, ಕೈ ಮಾತ್ರ ಹಿಂದೆ ಹೋಗಲಿಲ್ಲ. ಸಂಚಾಲಕರು ಆ ಕೈ ನೋಡಿದರು, ಮಡಿಸಿದ ಬಲಗೈ ನೋಡಿದರು. ಪಂಚೆಗೆ ಕೈ ಒರೆಸಿಕೊಂಡು ಎರಡೂ ಕೈ ಚಾಚಿ ಹೂ ತೆಗೆದುಕೊಂಡರು.

ಹುಡುಗರು ಸರಿದು ಬೆಂಚಿನಲ್ಲಿ ಜಾಗ ಮಾಡಿದರು. ಅವರು ಕೂತು ಎಸಳು ತೆಗೆದರು, ಕೊಳವೆ ತೆಗೆದರು, ಬ್ಲೇಡು ಹಿಡಿದರು. ವರ್ಷಗಟ್ಟಲೆ ಅಡಿಕೆ ಹೋಳು ಮಾಡಿ ಗುಣ ನೋಡಿದ ಕೈ, ಬಲವಾಗಿ ಒತ್ತಿದರು. ಅಂಡಾಶಯ ಹಸಿರು ಮುದ್ದೆಯಾಯಿತು.

"ಒತ್ತುದಲ್ಲ, ಎಳೆಯುದು" ಎಂದರು ಟೀಚರು. ಇನ್ನೊಂದು ಹೂ ಎತ್ತಿ ಮತ್ತೆ ಎಡಗೈ ಚಾಚಿದರು. "ಇದು ತಕೊಳ್ಳಿ."

ಬೆಲ್ಲು ಹೊಡೆಯಿತು. ಹೆಡ್ ಮಾಸ್ಟರು ಮೆಲ್ಲಗೆ, "ಸರ್, ಚಹಾ ರೆಡಿ ಉಂಟು" ಎಂದರು. "ನಿಲ್ಲಿ ಮಾರಾಯ್ರೆ, ಇದೊಂದು ಆಗ್ಲಿ" ಎಂದರು ಸಂಚಾಲಕರು, ತಲೆ ಎತ್ತದೆ. ಈ ಸಲ ಹೂವನ್ನು ಬಾಳೆದಿಂಡಿಗೆ ಚುಚ್ಚಿದರು. ಬ್ಲೇಡನ್ನು ಎಳೆದರು. ಕೊಯ್ದ ತುಂಡನ್ನು ಕಿಟಕಿಯ ಬೆಳಕಿಗೆ, ನನ್ನ ಮೂಗಿನ ಎದುರಿಗೇ ಹಿಡಿದು ನೋಡಿದರು.

"ಐದು ಕೋಣೆ ಉಂಟು."

"ಕೋಣೆಯ ಒಳಗೆ?"

"ಸಣ್ಣ ಸಣ್ಣ ಬಿಳಿ ಮಣಿ."

"ಅಂಡಕ. ಬೀಜ ಆಗುದು ಅದು. ಕೂತ್ಕೊಳ್ಳಿ" ಎಂದರು ಟೀಚರು. ಸಂಚಾಲಕರು ಕೂತೇ ಇದ್ದರು.

ಜಗಲಿಗೆ ಬಂದ ಮೇಲೆ ಹೆಡ್ ಮಾಸ್ಟರು ಲೈಬ್ರರಿಯ ಮಾತು ತೆಗೆದರು. ಸಂಚಾಲಕರು ಹಳದಿಯಾದ ತಮ್ಮ ಬೆರಳುಗಳನ್ನೇ ನೋಡುತ್ತ ನಡೆಯುತ್ತಿದ್ದರು. "ಲೈಬ್ರರಿಗೆ ಬೇರೆ ಯಾರನ್ನಾದರೂ ನೋಡಿ. ಆ ಗಿಡ ಕಡಿಸಿದ್ದು ಯಾರು?" ಎಂದರು. ಹೆಡ್ ಮಾಸ್ಟರು ಚಹಾ ಆರುತ್ತದೆ ಎಂದರು.

ನಾನು ಅವರ ಹಿಂದೆ ಹೋಗಲಿಲ್ಲ. ಆ ಹೊತ್ತಿಗೆ ನನ್ನ ಕನ್ನಡ ಪಿರಿಯಡ್ಡು ಶುರುವಾಗಿ ಆಗಿತ್ತು, ಪುಸ್ತಕ ಕಂಕುಳಲ್ಲಿತ್ತು. ತರಗತಿಯ ಬಾಗಿಲಿಗೆ ಹೋಗಿ ನಿಂತೆ. ಟೀಚರು ಮೇಜಿಗೆ ಒರಗಿ ಉಸಿರು ತೆಗೆದುಕೊಳ್ಳುತ್ತಿದ್ದರು, ಹಣೆಯಲ್ಲಿ ಬೆವರು, ತಟ್ಟೆಯಲ್ಲಿ ಇನ್ನೂ ಒಂದಿಷ್ಟು ಹೂ. ನನ್ನನ್ನು ನೋಡಿದರು, ನನ್ನ ಪುಸ್ತಕವನ್ನೂ ನೋಡಿದರು. ಪುಸ್ತಕವನ್ನು ಕಿಟಕಿಯ ಮೇಲಿಟ್ಟೆ.

"ಕೇಪುಳದವರು ಮುಂದೆ ಬನ್ನಿ" ಎಂದರು ಟೀಚರು. "ಬೇಗ, ಬಾಡ್ತದೆ."